ರೈಲು ಖಾಸಗಿಯವ್ರಿಗೆ ಕೊಡೂದೋ ಬ್ಯಾಡೋ? ದಾರಿ ಆರು ಅದಾವ, ನಮ್ಮ ಬಾಗಲಕೋಟಿ ಕಡಿಗೆ ಯಾವದು ಹೊಂದತೈತಿ ನೋಡೂಣು

ಹೋದ ತಿಂಗಳ ಬಾಗಲಕೋಟಿ ಸ್ಟೇಷನ್‌ದಾಗ ಸಂಜಿಮುಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಕಾಯ್ಕೋತ ಕುಂತಾಗ ಬೆಂಚಿನ ಮ್ಯಾಲ ಒಂದು ವಾದ ಹತ್ತಿತ್ತು. ಬೆಂಗಳೂರಾಗ ಕೆಲಸ ಮಾಡೋ ನವನಗರದ ಹುಡುಗ ಒಬ್ಬಾಂವ, 'ಕಾಕಾ, ಇವನ್ನೆಲ್ಲಾ ಪ್ರೈವೇಟ್‌ದವ್ರಿಗೆ ಕೊಟ್ಟುಬಿಡಬೇಕ್ರಿ, ಟೈಮಿಗೆ ಬರ್ತಾವ, ಸಂಡಾಸ ಸ್ವಚ್ಛ ಇರ್ತಾವ' ಅಂದ. ಬಾಜೂಕ ಕುಂತಿದ್ದ ಹಿರಿಯರು ಗುಳೇದಗುಡ್ಡದವ್ರು, ಖಣದ ಗಂಟು ಎರಡೂ ಕಾಲಿನ ನಡುವ ಒತ್ತಿ ಹಿಡ್ಕೊಂಡಿದ್ರು, 'ತಮ್ಮಾ, ಕೊಟ್ಟ ಮರುದಿನಾನ ಜನರಲ್ ಬೋಗಿ ತಗೀತಾರ, ಆಮ್ಯಾಲ ಈ ಗಂಟು ತಗೊಂಡು ನಾ ಯಾತರಾಗ ಹೋಗಲಿ?' ಅಂದ್ರು. ಹುಡುಗನ ಕಡಿ ಉತ್ತರ ಇರಲಿಲ್ಲ, ನನ್ನ ಕಡೀನೂ ಇರಲಿಲ್ಲ.

ಅವತ್ತಿಂದ ನಮ್ಮ ವಾಟ್ಸಾಪ್ ಗ್ರೂಪಿನಾಗ ಇದ ಮಾತು. ರೈಲ್ವೆಗೆ ಒಂದು ಮನವಿ ಕೊಡೂದು ಐತಿ, ಅದರಾಗ ಅರ್ಧ ಮಂದಿ 'ಖಾಸಗಿ ರೈಲು ಬೇಕು' ಅಂತ ಬರೀರಿ ಅಂತಾರ, ಇನ್ನರ್ಧ ಮಂದಿ 'ಖಾಸಗೀಕರಣ ಬ್ಯಾಡ' ಅಂತ ಬರೀರಿ ಅಂತಾರ. ನಾ ಹೇಳೂದು ಏನಂದ್ರ ಖಾಸಗಿ ಅನ್ನೂದು ಒಂದ ವಸ್ತು ಅಲ್ಲ, ಜಗತ್ತಿನಾಗ ಕಮ್ಮೀತಕಮ್ಮಿ ಆರು ನಮೂನಿ ನಡದಾವ, ಒಂದರಾಗ ಬಡವರ ಟಿಕೆಟ್ ಉಳದೈತಿ, ಒಂದರಾಗ ಕಂಪನೀನ ಮುಳುಗೇತಿ, ಒಂದರಾಗ ಮಂದಿ ಸತ್ತಾರ. ಹಂಗಾಗಿ ಬೇಕು ಬ್ಯಾಡ ಅನ್ನೂಕಿಂತ ಮೊದಲ ಯಾವದು ಅಂತ ಕೇಳಬೇಕು.

ಆದ್ರ ಆರಿಸೂಕಿಂತ ಮುಂಚೆ ಏನು ನೋಡಿ ಆರಿಸೂದು ಅಂತ ಗಟ್ಟಿ ಮಾಡ್ಕೊಳ್ರಿ. ನನ್ನ ಲೆಕ್ಕದಾಗ ಐದು ಪ್ರಶ್ನೆ ಸಾಕು. ಟಿಕೆಟ್ ರೇಟು ಯಾರು ಇಡ್ತಾರ? ನಷ್ಟ ಬಂದ್ರ ಯಾರ ಕಿಸೆದಿಂದ ಹೋಗತೈತಿ? ಹಳಿ, ಸಿಗ್ನಲ್, ಟೈಮ್‌ಟೇಬಲ್ ಯಾರ ಕೈಯಾಗ ಇರ್ತಾವ? ಅಪಘಾತ ಆದ್ರ ಯಾರ ಹೊಣಿ? ಕಡೀಗೆ, ಕೊಟ್ಟದ್ದು ಸರಿ ಹೋಗಲಿಲ್ಲಂದ್ರ ವಾಪಸ್ ತಗೊಳ್ಳಾಕ ಬರತೈತೇನು?

ಇದರಾಗ ಎರಡನೇದು ನಮ್ಮಂಥ ಊರಿಗೆ ಎಲ್ಲಾಕಿಂತ ದೊಡ್ಡದು. ನೆನಪ ಇರಬೇಕು, ಪ್ರಯಾಣದ ಖರ್ಚಿನಾಗ ಸರಾಸರಿ ಶೇ. 57ರಷ್ಟ ಮಾತ್ರ ನಮಗ ವಾಪಸ್ ಬರತೈತಿ ಅಂತ ರೈಲ್ವೆಯವ್ರು ಟಿಕೆಟ್ ಮ್ಯಾಲ ಅಚ್ಚು ಹಾಕತಿದ್ರು. ಉಳದದ್ದು ಎಲ್ಲಿಂದ ಬರತೈತಿ ಅಂದ್ರ ಕಲ್ಲಿದ್ದಲು, ಅದಿರು, ಸಿಮೆಂಟ್ ಸಾಗಿಸೋ ಗೂಡ್ಸ್ ಗಾಡಿಯಿಂದ. ಅಂದ್ರ ಜನರಲ್ ಬೋಗಿಯೊಳಗ ಬಾದಾಮಿಗೆ ಹೋಗೋ ಅಜ್ಜಿಯ ಟಿಕೆಟ್ಟಿನ ಅರ್ಧ ದುಡ್ಡು ಒಂದು ಗೂಡ್ಸ್ ಗಾಡಿ ಕೊಡಾಕತ್ತೈತಿ. ಖಾಸಗಿಯವ ಬಂದಾಗ ಆ ಅರ್ಧ ಯಾರು ಕೊಡ್ತಾರ ಅನ್ನೂದನ್ನ ಕೇಳಲಾರದ ಬ್ಯಾರೆ ಏನ ಕೇಳಿದ್ರೂ ಮಾತು ಪೂರ್ತಿ ಆಗೂದಿಲ್ಲ.

ಈಗ ಒಂದೊಂದ ನೋಡೂಣು.

ಮೊದಲನೇದು ಈಗ ಇದ್ದಂಗ ಇಡೂದು, ರೈಲು ರೈಲ್ವೇನ ಓಡಸೂದು. ಹಿಂಗಂದ್ರ ಖಾಸಗಿ ಇಲ್ಲಾ ಅಂತ ಅಲ್ಲ, ಊಟ, ಸ್ವಚ್ಛತಾ ಎಲ್ಲಾ ಗುತ್ತಿಗಿ ಹೋಗಿ ಭಾಳ ವರ್ಷ ಆತು. ಗೂಡ್ಸ್‌ದಾಗಂತೂ 2006ರಾಗ ದಾರಿ ತಗದ ಮ್ಯಾಲ ಖಾಸಗಿ ಕಂಪನಿಯವ್ರು ತಮ್ಮ ಕಂಟೇನರ್ ರೈಲು ಓಡಸ್ತಾರ. ಬಿಹಾರದ ಮಧೇಪುರಾದಾಗ ಫ್ರಾನ್ಸಿನ ಆಲ್‌ಸ್ಟಾಮ್ ಜೋಡಿ ಸೇರಿ 12,000 ಅಶ್ವಶಕ್ತಿಯ 800 ಇಂಜಿನ್ ಮಾಡೋ ಕರಾರು ಆಗಿದ್ದು 2015ರಾಗ. ವಂದೇ ಭಾರತ್ ಸ್ಲೀಪರ್ ಗಾಡಿಗಳ ಟೆಂಡರ್‌ದಾಗ ಗಾಡಿ ಕಟ್ಟಿದವ್ರ 35 ವರ್ಷ ಅದರ ಮೇಂಟೆನನ್ಸ್ ನೋಡ್ಕೋಬೇಕು ಅಂತ ಐತಿ, ಓಡಸವ್ರು ಮಾತ್ರ ರೈಲ್ವೆಯವ್ರು. ಇದರ ಚಲೋತನ ಏನಂದ್ರ ರೇಟು, ಹಳಿ, ಹೊಣಿ ಎಲ್ಲಾ ಒಂದ ಕಡಿ, ಏನರ ಆದ್ರ ಪಾರ್ಲಿಮೆಂಟಿನಾಗ ಎದ್ದು ಕೇಳಾಕ ಬರತೈತಿ. ಕೊರತಿ ಏನಂದ್ರ ರೊಕ್ಕ. ಗಳಿಸಿದ ಒಂದು ರೂಪಾಯಿದಾಗ ಸುಮಾರು 98 ಪೈಸೆ ದಿನದ ಖರ್ಚಿಗೇ ಹೋದ್ರ ಹೊಸ ಬೋಗಿ, ಹೊಸ ಗಾಡಿಗೆ ಸರ್ಕಾರದ ಬಜೆಟ್ ಮುಂದ ಕೈ ಚಾಚಬೇಕು, ಆ ಸಾಲಿನಾಗ ಬಾಗಲಕೋಟಿ ಪಾಳಿ ಯಾವಾಗ ಬರತೈತಿ? ಬೆಳಗಾವಿಗೆ 2025ರ ಆಗಸ್ಟ್‌ದಾಗ ಬೆಂಗಳೂರು ವಂದೇ ಭಾರತ್ ಬಂತು, ಸಂತೋಷ ಆತು, ಆದ್ರ ನಮ್ಮ ಗದಗ–ಹೋಟಗಿ ದಾರಿ ಮ್ಯಾಲ ನಾವು ಇನ್ನೂ ಕಾಯಾಕತ್ತೀವಿ.

ಎರಡನೇದು ತೇಜಸ್ ಎಕ್ಸ್‌ಪ್ರೆಸ್ ಗಾಡಿ ಪದ್ಧತಿ. 2019ರ ಅಕ್ಟೋಬರ್‌ದಾಗ ಲಖನೌ–ದೆಹಲಿ, ಮುಂದ 2020ರ ಜನವರಿಯೊಳಗ ಅಹಮದಾಬಾದ್–ಮುಂಬಯಿ. ಮಂದಿ ಇದನ್ನ ಮೊದಲ ಖಾಸಗಿ ರೈಲು ಅಂತಾರ ಖರೆ, ಆದ್ರ ಓಡಿಸಿದ್ದು ಐಆರ್‌ಸಿಟಿಸಿ, ಅದು ರೈಲ್ವೇದ ಕೂಸ. ಒಂದು ತಾಸಿನ ಮ್ಯಾಲ ತಡ ಆದ್ರ 100 ರೂಪಾಯಿ, ಎರಡು ತಾಸಿನ ಮ್ಯಾಲ ಆದ್ರ 250 ರೂಪಾಯಿ ಪರಿಹಾರ ಅಂತ ಇಟ್ಟಿದ್ರು, ಇದು ಮಾತ್ರ ನನಗ ಮನಸಿಗೆ ಹಿಡಸ್ತು, ತಡ ಮಾಡಿದವ್ರು ದುಡ್ಡು ಕೊಡ್ತಾರ ಅನ್ನೂದ ನಮ್ಮ ದೇಶದಾಗ ಹೊಸಾದು. ಆದ್ರ ರೇಟು ಬೇಡಿಕಿ ಪ್ರಕಾರ ಏರತೈತಿ, ರಿಯಾಯಿತಿ ಇಲ್ಲ, ಜನರಲ್ ಬೋಗಿ ಇಲ್ಲವೇ ಇಲ್ಲ. ದೊಡ್ಡ ಎರಡು ಊರಿನ ನಡುವ ಎಸಿ ಚೇರ್‌ಕಾರ್‌ದಾಗ ಹೋಗೋ ಮಂದಿಗೆ ಬೇಷ್, ನಮ್ಮ ಗಂಟಿನ ಹಿರಿಯರಿಗೆ ಇದರಾಗ ಜಾಗಾ ಇಲ್ಲ.

ಮೂರನೇದು 2020ರ ಜುಲೈದಾಗ ಕೇಂದ್ರ ಸರ್ಕಾರ ಹೊರಗ ಇಟ್ಟ ದೊಡ್ಡ ಯೋಜನೆ. ಇದನ್ನ ಸ್ವಲ್ಪ ನಿಂತು ನೋಡಬೇಕು, ಯಾಕಂದ್ರ ಖಾಸಗಿ ರೈಲು ಅಂದಾಗ ಎಲ್ಲಾರ ತಲಿಯಾಗ ಇರೂದು ಇದ. 109 ಜೋಡಿ ಮಾರ್ಗ, 151 ರೈಲು, ದೇಶಾನ 12 ಕ್ಲಸ್ಟರ್, ಅಂದ್ರ ಮಾರ್ಗದ ಗುಂಪು, ಮಾಡಿದ್ರು, ಅದರಾಗ ಬೆಂಗಳೂರೂ ಒಂದು. ಖಾಸಗಿಯವ್ರು ಸುಮಾರು 30,000 ಕೋಟಿ ಹಾಕಬೇಕು, ಕಮ್ಮೀತಕಮ್ಮಿ 16 ಬೋಗಿ ಗಾಡಿ ತರಬೇಕು, ಡ್ರೈವರ್ ಗಾರ್ಡ್ ರೈಲ್ವೆಯವ್ರ, 35 ವರ್ಷದ ಕರಾರು. ಹಳಿ ಬಳಸಿದ್ದಕ್ಕ ಬಾಡಿಗಿ, ಕರೆಂಟ್ ಉರಿಸಿದಷ್ಟು ದುಡ್ಡು, ಅದರ ಮ್ಯಾಲ ಗಳಿಕಿಯೊಳಗ ಪಾಲು ರೈಲ್ವೆಗೆ ಕೊಡಬೇಕು. ಬದಲಿಗೆ ಟಿಕೆಟ್ ರೇಟು ಎಷ್ಟರ ಇಡಲಿ, ಅದು ಅವರಿಚ್ಛಾ. 2021ರಾಗ ಟೆಂಡರ್ ತಗದಾಗ ಏನಾತು? ಬಿಡ್ ಹಾಕಿದವ್ರು ಎರಡ ಎರಡು, ಒಂದು ಮೇಘಾ ಇಂಜಿನಿಯರಿಂಗ್, ಇನ್ನೊಂದು ಮತ್ತದ ಐಆರ್‌ಸಿಟಿಸಿ, ಅದೂ ದೆಹಲಿ ಮುಂಬಯಿ ಕಡೆಯ ಮೂರ ಕ್ಲಸ್ಟರಿಗೆ. ಬೆಂಗಳೂರು ಕ್ಲಸ್ಟರ್ ಕೇಳವ್ರ ಇರಲಿಲ್ಲ. ಕಡೀಗೆ ಟೆಂಡರ್ ರದ್ದಾತು.

ಯಾಕ ಬರಲಿಲ್ಲ ಅನ್ನೂದನ್ನ ತಿಳ್ಕೊಂಡ್ರ ಅರ್ಧ ಉತ್ತರ ಸಿಕ್ಕಂಗ. ನೀವ ವಿಚಾರ ಮಾಡ್ರಿ, ನೂರಾರು ಕೋಟಿ ಹಾಕಿ ಗಾಡಿ ತಂದೀರಿ, ಹಳಿ ಎದುರಿನವಂದು, ಸಿಗ್ನಲ್ ಎದುರಿನವಂದು, ನಿಮ್ಮ ಗಾಡಿ ಲೂಪ್ ಲೈನಿನಾಗ ನಿಲ್ಲಿಸಿ ಅವನ ಗಾಡಿ ಮೊದಲ ಬಿಟ್ರ ಯಾರ ಕಡಿ ಹೋಗಿ ಹೇಳ್ತೀರಿ? ಆಟ ಆಡಾಂವನೂ ಅವನ, ಅಂಪೈರೂ ಅವನ. 2015ರಾಗ ರೈಲ್ವೆ ಸುಧಾರಣಾಕ್ಕಂತ ಸರ್ಕಾರ ನೇಮಿಸಿದ್ದ ಬಿಬೇಕ್ ದೇಬ್‌ರಾಯ್ ಸಮಿತಿ ಇದನ್ನ ಸ್ಪಷ್ಟ ಹೇಳಿತ್ತು, ಖಾಸಗಿಯವ್ರು ಬರಬೇಕಂದ್ರ ಮೊದಲ ರೈಲ್ವೆ ಹೊರಗಿನ ಒಂದು ಸ್ವತಂತ್ರ ನಿಯಂತ್ರಣ ಸಂಸ್ಥೆ ಬೇಕು ಅಂತ. 2017ರಾಗ ಕ್ಯಾಬಿನೆಟ್ ಅಂಥದೊಂದು ಪ್ರಾಧಿಕಾರಕ್ಕ ಒಪ್ಪಿಗಿನೂ ಕೊಡ್ತು. ಆದ್ರ ಆ ಟೆಂಡರ್ ಕರದಾಗ ಜಗಳ ಬಿಡಸಾಕ ಅಂಥಾ ಅಂಪೈರ್ ಕೆಲಸಕ್ಕ ಇಳದಿರಲಿಲ್ಲ.

ಈ ಪದ್ಧತಿಯೊಳಗ ಪ್ರಯಾಣಿಕರ ಪಾಡು ಹೆಂಗ ಇರತಿತ್ತು ಅನ್ನೂದಕ್ಕ ನಾವು ಬ್ಯಾರೆ ಕಡಿ ನೋಡೂದ ಬ್ಯಾಡ, ದೀಪಾವಳಿಗೆ ಬೆಂಗಳೂರಿಂದ ಬರೋ ಖಾಸಗಿ ಸ್ಲೀಪರ್ ಬಸ್ ನೋಡ್ರಿ. ಹೋದ ವರ್ಷ ನಮ್ಮ ಮಗಳು ಬರಬೇಕಿತ್ತು, ರೈಲಿನಾಗ ವೇಟಿಂಗ್ ಲಿಸ್ಟು, ಬಸ್ಸಿನ ಆ್ಯಪ್ ತಗದ್ರ ಸುಮ್ನ ದಿನದ ರೇಟಿನ ಮೂರು ಪಟ್ಟು, ನೋಡ್ಕೋತ ಕುಂತಂಗ ಇನ್ನೊಂದು ಇನ್ನೂರು ಏರಿತ್ತು. ಕಡೀಗೆ ಅಕಿ ಹುಬ್ಬಳ್ಳಿತನ ಒಂದು ಗಾಡಿ, ಅಲ್ಲಿಂದ ಸಾರಿಗಿ ಬಸ್ಸು ಹಿಡ್ಕೊಂಡು ನಡುರಾತ್ರಿ ಮನಿ ಮುಟ್ಟಿದ್ಲು, ಅಲ್ಲೀತನ ಅವರ ಅವ್ವ ಬಾಗಲಾಗ ಕುಂತಿದ್ಲು. ಸೀಟು ಕಮ್ಮಿ, ಕೇಳವ್ರು ಭಾಳ, ರೇಟಿಗೆ ಮಿತಿ ಇಲ್ಲಾ ಅಂದ್ರ ಹಿಂಗ ಆಗೂದು, ಅದಕ್ಕ ಬಸ್ಸೇನು ರೈಲೇನು.

ನಾಲ್ಕನೇದು ಇಟಲಿ ದಾರಿ. ಹಳಿ ಒಂದು ಬ್ಯಾರೆ ಸಂಸ್ಥೆ ಕೈಯಾಗ, ಬಾಡಿಗಿ ಕೊಟ್ಟು ಯಾರ ಬೇಕಾದ್ರೂ ಗಾಡಿ ಓಡಿಸಬಹುದು. 2012ರ ಏಪ್ರಿಲ್‌ದಾಗ ಇತಾಲೊ ಅನ್ನೋ ಖಾಸಗಿ ಗಾಡಿ ಸರ್ಕಾರಿ ಟ್ರೆನಿತಾಲಿಯಾ ಎದುರಿಗೆ ಇಳೀತು, ರೋಮ್–ಮಿಲಾನ್ ನಡುವ ಜಿದ್ದಿಗೆ ಬಿದ್ದು ಟಿಕೆಟ್ ರೇಟ್ ಇಳದವು, ಪ್ರಯಾಣಿಕರು ಹೆಚ್ಚಾದ್ರು, ಇದು ಖರೇನ ಚಲೋ ಆದ ಉದಾಹರಣೆ. 2021ರಿಂದ ಸ್ಪೇನಿನಾಗೂ ಹಂಗ ಆತು. ಆದ್ರ ಗಮನಿಸ್ರಿ, ಈ ಜಿದ್ದು ನಡದದ್ದು ಹೈಸ್ಪೀಡ್ ಹಳಿ ಮ್ಯಾಲ, ದೊಡ್ಡ ಊರುಗಳ ನಡುವ. ಹಳಿ ಮ್ಯಾಲ ಜಾಗಾ ಖಾಲಿ ಇದ್ರ ಮಾತ್ರ ಎರಡನೇ ಅಂಗಡಿ ತಗ್ಯಾಕ ಬರತೈತಿ. ಬೆಂಗಳೂರು–ಚೆನ್ನೈ, ಮುಂಬಯಿ–ಅಹಮದಾಬಾದ್ ನಡುವ ಮುಂದ ಯಾವಾಗರ ಇದು ಹೊಂದೀತು. ಆಲಮಟ್ಟಿ ದಾಟಿ ಬಾಗಲಕೋಟಿಗೆ ಜಿದ್ದಿನ ಮ್ಯಾಲ ಎರಡು ಕಂಪನಿ ಬರ್ತಾವ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ.

ಐದನೇದು ಜಪಾನ್ ದಾರಿ. 1987ರ ಏಪ್ರಿಲ್ 1ಕ್ಕ ರಾಷ್ಟ್ರೀಯ ರೈಲ್ವೇನ ಒಡದು ಆರು ಪ್ರಯಾಣಿಕ ಕಂಪನಿ, ಒಂದು ಗೂಡ್ಸ್ ಕಂಪನಿ ಮಾಡಿದ್ರು, ಹಳಿನೂ ಅವರ ಕೈಗೇ ಕೊಟ್ರು. ಟೋಕಿಯೊ, ಒಸಾಕಾ ಕಡೀ ಕಂಪನಿ ಬಂಗಾರಾದವು, ಸ್ಟೇಷನ್ ಮ್ಯಾಲ ಅಂಗಡಿ, ಹೋಟೆಲ್ ಕಟ್ಟಿ ಗಳಿಸಿದ್ರು. ಉತ್ತರದ ಹೊಕ್ಕೈಡೊ ದ್ವೀಪದ ಕಡೀ ಕಂಪನಿ ಏನಾತು? ಮಂದಿ ಕಮ್ಮಿ, ದೂರ ಭಾಳ, ವರ್ಷಾ ನಷ್ಟ, ಒಂದೊಂದ ಮಾರ್ಗ ಮುಚ್ಚಕೋತ ಬಂತು. ಇದನ್ನ ಓದಿದಾಗೆಲ್ಲಾ ನನಗ ನಮ್ಮ ನೈರುತ್ಯ ರೈಲ್ವೆ ನೆನಪ ಆಗತೈತಿ. ಬೆಂಗಳೂರು ಭಾಗ ಬ್ಯಾರೆ ಕಂಪನಿ, ನಮ್ಮ ಭಾಗ ಬ್ಯಾರೆ ಕಂಪನಿ ಅಂತ ಮಾಡಿದ್ರ ನಾವು ಹೊಕ್ಕೈಡೊ ಆಗ್ತೀವಿ.

ಒಂದು ಮಾತು ನಡುವ ಹೇಳಬೇಕು. ನಮ್ಮ ಹಳಿ ಹುಟ್ಟಿದ್ದ ಖಾಸಗಿ ಕಂಪನಿ ಕೈಯಾಗ. 1876–78ರ ದೊಡ್ಡ ಬರ ಈ ಭಾಗಾನ ಹಾಳ ಮಾಡಿದ ಮ್ಯಾಲ ಕಾಳು ಸಾಗಸಾಕ ರೈಲು ಬೇಕು ಅಂತ 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಗದಗ–ಹೋಟಗಿ ಮೀಟರ್‌ಗೇಜ್ ದಾರಿ ಹಾಕ್ತು. ಲಂಡನ್ನಿನ ಕಂಪನಿ, ಆದ್ರ ಅದರ ಬಂಡವಾಳಕ್ಕ ಇಷ್ಟು ಬಡ್ಡಿ ಖಾತ್ರಿ ಅಂತ ಸರ್ಕಾರ ಬರ್ಕೊಟ್ಟಿತ್ತು, ನಷ್ಟ ಆದ್ರ ತುಂಬಿಕೊಡೂದು ಇಲ್ಲಿ ರೈತ ಕಟ್ಟಿದ ಕಂದಾಯದಿಂದ. 1908ರಾಗ ಮದ್ರಾಸ್ ರೈಲ್ವೆ ಕೂಡ ಸೇರಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ (ಎಂ ಆ್ಯಂಡ್ ಎಸ್‌ಎಂ) ರೈಲ್ವೆ ಆತು, 1944ರಾಗ ಸರ್ಕಾರ ಕೈಗೆ ತಗೊಂತು. ಲಾಭ ಅವರಿಗೆ, ನಷ್ಟ ನಮಗ ಅನ್ನೋ ಕರಾರು ಈ ಮಣ್ಣಿಗೆ ಹೊಸಾದಲ್ಲ, ಹಂಗಾಗಿ ಕರಾರಿನ ಸಣ್ಣ ಅಕ್ಷರ ಓದೋ ರೂಢಿ ನಮಗ ಇರಬೇಕು.

ಆರನೇದು ಗುತ್ತಿಗಿ, ಅಂದ್ರ ಫ್ರಾಂಚೈಸಿ. ಇದರಾಗ ಎರಡು ಕವಲು ಅದಾವ, ಎರಡೂ ಇಂಗ್ಲೆಂಡಿನವ, ಒಂದು ಸೋತದ್ದು, ಒಂದು ನಡದದ್ದು. 1994ರಿಂದ 97ರೊಳಗ ಬ್ರಿಟನ್ ತನ್ನ ರೈಲ್ವೇನ ಪೂರ್ತಿ ತುಂಡ ತುಂಡ ಮಾಡ್ತು. ಹಳಿ ರೈಲ್‌ಟ್ರ್ಯಾಕ್ ಅನ್ನೋ ಖಾಸಗಿ ಕಂಪನಿಗೆ, ಬೋಗಿ ಬಾಡಿಗಿ ಕೊಡೋ ಕಂಪನಿಗಳಿಗೆ, ಓಡಸೂದು ಇಪ್ಪತ್ತಕ್ಕಿಂತ ಹೆಚ್ಚು ಗುತ್ತಿಗಿದಾರರಿಗೆ. 2000ದ ಅಕ್ಟೋಬರ್‌ದಾಗ ಹ್ಯಾಟ್‌ಫೀಲ್ಡ್ ಹತ್ರ ಬಿರುಕು ಬಿಟ್ಟಿದ್ದ ಹಳಿ ಒಡದು ರೈಲು ಉರುಳಿ ನಾಲ್ಕು ಮಂದಿ ಸತ್ರು. ಹಳಿ ರಿಪೇರಿ ಹೊರಗಿನವ್ರಿಗೆ ಕೊಟ್ಟಿದ್ರು, ತನ್ನ ಹಳಿ ಎಲ್ಲೆಲ್ಲಿ ಬಿರುಕ ಬಿಟ್ಟೈತಿ ಅಂತ ರೈಲ್‌ಟ್ರ್ಯಾಕ್‌ಗೇ ಪೂರ್ತಿ ಗೊತ್ತಿರಲಿಲ್ಲ. ಮುಂದಿನ ವರ್ಷ ಕಂಪನಿ ದಿವಾಳಿ, 2002ರಾಗ ಹಳಿ ನೆಟ್‌ವರ್ಕ್ ರೈಲ್ ಅನ್ನೋ ಲಾಭಕ್ಕ ದುಡೀಲಾರದ ಸಂಸ್ಥೆ ಕೈಗೆ ಬಂತು. ಓಡಸವ್ರ ಪೈಕಿನೂ ಕೆಲವ್ರು ಲೆಕ್ಕ ತಪ್ಪಿ ನಡುವ ಬಿಟ್ಟ ಹೋದ್ರು, ಆವಾಗ ಸರ್ಕಾರಾನ ಓಡಿಸಬೇಕಾತು. 2024ರಾಗ ಕಾಯ್ದೆ ಮಾಡಿ ಗುತ್ತಿಗಿ ಮುಗದಂಗ ಮುಗದಂಗ ವಾಪಸ್ ತಗೊಳ್ಳಾಕತ್ತಾರ, ಆ ಕಾಯ್ದೆ ಪ್ರಕಾರ 2025ರ ಮೇದಾಗ ಸೌತ್ ವೆಸ್ಟರ್ನ್ ರೈಲ್ವೆ ಮೊದಲು ಬಂತು, ಹೆಸರು ನಮ್ಮ ಹುಬ್ಬಳ್ಳಿ ವಲಯದ್ದ! ಅರ್ಜೆಂಟೀನಾದ್ದು ಇನ್ನೂ ಕೆಟ್ಟದ್ದು. 2012ರ ಫೆಬ್ರುವರಿಯೊಳಗ ಬ್ಯೂನಸ್ ಐರಿಸ್‌ನ ಓನ್ಸೆ ಸ್ಟೇಷನ್ನಿನಾಗ ಗುತ್ತಿಗಿ ರೈಲು ನಿಲ್ಲಲಾರದ ಬಡದು 51 ಮಂದಿ ಸತ್ರು, ಕಂಪನಿಯವ್ರಿಗಷ್ಟ ಅಲ್ಲ, ಸಾರಿಗಿ ಖಾತೆ ನೋಡ್ಕೋತಿದ್ದ ಅಧಿಕಾರಿಗಳಿಗೂ ಜೈಲು ಆತು. ಗುತ್ತಿಗಿ ಕೊಟ್ಟು ಕಣ್ಣ ಮುಚ್ಚಿದ್ರ ಕೊಟ್ಟವನೂ ತಪ್ಪಿತಸ್ಥ.

ನಡದ ಕವಲು ಯಾವದು ಅಂದ್ರ ಲಂಡನ್ ಓವರ್‌ಗ್ರೌಂಡ್, 2007ರಿಂದ. ಇಲ್ಲಿ ಟಿಕೆಟ್ ರೊಕ್ಕ ಎಲ್ಲಾ ನಗರ ಸಾರಿಗಿ ಸಂಸ್ಥೆ ಕಿಸೆಗೆ, ರೇಟು ಅವರದ, ಟೈಮ್‌ಟೇಬಲ್ ಅವರದ. ಖಾಸಗಿಯವ ಗಾಡಿ ಓಡಸಿದ್ದಕ್ಕ ಕೂಲಿ ತಗೋತಾನ, ಟೈಮಿಗೆ ಬಂದ್ರ ಬೋನಸ್, ತಡ ಆದ್ರ ಗಲೀಜ ಇದ್ರ ದಂಡ. ಇದು ತಿಳೀವಲ್ದು ಅನ್ನವ್ರು ಬೆಂಗಳೂರಿನ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ನೋಡಿರ್ತೀರಿ. ಬಸ್ಸು, ಡ್ರೈವರ್ ಕಂಪನೀದು, ಕಂಡಕ್ಟರ್ ಬಿಎಂಟಿಸಿಯವ್ರು, ಕಂಪನಿಗೆ ಕಿಲೋಮೀಟರ್ ಲೆಕ್ಕದಾಗ ದುಡ್ಡು. 2023ರ ಜೂನ್‌ದಾಗ ಶಕ್ತಿ ಯೋಜನೆ ಬಂದಾಗ ಆ ಸಾದಾ ಎಲೆಕ್ಟ್ರಿಕ್ ಬಸ್ಸಿನಾಗೂ ಹೆಣ್ಮಕ್ಕಳು ಪುಕ್ಕಟೆ ಹತ್ತಿದ್ರು, ಯಾಕಂದ್ರ ಟಿಕೆಟ್ ಅನ್ನೂದು ಸರ್ಕಾರದ ಕೈಯಾಗ ಇತ್ತು. ಅದ ಖಾಸಗಿ ಸ್ಲೀಪರ್ ಬಸ್ಸಿನಾಗ ಹತ್ತಾಕ ಬಂತೇನು? ಇಲ್ಲ. ಎರಡರಾಗೂ ಬಸ್ಸು ಖಾಸಗಿದ, ವ್ಯತ್ಯಾಸ ಇರೂದು ಟಿಕೆಟ್ ರೊಕ್ಕ ಯಾರ ಕಿಸೆಗೆ ಹೋಗತೈತಿ ಅನ್ನೂದರಾಗ. ಇದರ ಕೊರತಿನೂ ಹೇಳ್ತೀನಿ, ಕಂಪನಿಯವ್ರು ಉಳಿತಾಯ ಮಾಡೂದು ಡ್ರೈವರ್ ಪಗಾರದಾಗ, ಅದಕ್ಕ ಅವ್ರು ಮುಷ್ಕರ ಮಾಡ್ಯಾರ, ಹಂಗಾಗಿ ಪಗಾರ, ರಜೆ, ಕೆಲಸದ ತಾಸು ಕರಾರಿನಾಗ ಮೊದಲ ಬರಿಸಬೇಕು. ಸರ್ಕಾರದ ಬೊಕ್ಕಸಕ್ಕೂ ಇದು ಪುಕ್ಕಟೆ ಅಲ್ಲ, ಮಂದಿ ಹತ್ತಲಿ ಬಿಡಲಿ ಕಿಲೋಮೀಟರ್ ದುಡ್ಡು ಕೊಡಬೇಕು.

ಹಬ್ಬ, ತೀರ್ಥಯಾತ್ರೆಗಂತನ ಇನ್ನೊಂದು ಸಣ್ಣ ದಾರಿ ಐತಿ, ಭಾರತ್ ಗೌರವ್, 2021ರ ನವೆಂಬರ್‌ದು. ಬೋಗಿ ಬಾಡಿಗಿ ತಗೊಂಡು ಯಾತ್ರಾ ಗಾಡಿ ಬಿಡೂದು. ಮೊದಲನೇದು 2022ರ ಜೂನ್‌ದಾಗ ಕೊಯಮತ್ತೂರಿಂದ ಶಿರಡಿಗೆ ಖಾಸಗಿಯವ್ರು ಬಿಟ್ರು. ನಮ್ಮ ರಾಜ್ಯ ಸರ್ಕಾರ ಅದ ಯೋಜನೆಯೊಳಗ ಅದ ವರ್ಷದ ನವೆಂಬರ್‌ದಾಗ ಕಾಶಿ ದರ್ಶನ ಗಾಡಿ ಬಿಟ್ಟು ತಲಿಗೆ 5,000 ಸಹಾಯಧನ ಕೊಡ್ತು. ವರ್ಷಕ್ಕೊಮ್ಮೆ ಹೋಗವ್ರಿಗೆ ಇದರಷ್ಟು ಚಲೋದು ಇಲ್ಲ, ರೇಟು ಹೆಚ್ಚಿದ್ರ ಹೋಗೂದು ಬಿಡಬಹುದು, ಯಾರ ಹೊಟ್ಟಿ ಮ್ಯಾಲೂ ಹೊಡತ ಇಲ್ಲ. ದಿನಾ ಓಡಾಡವ್ರಿಗೆ ಸಂಬಂಧ ಇಲ್ಲ.

ಹಂಗಾದ್ರ ಯಾರಿಗೆ ಯಾವದು? ನೀವು ಬೆಂಗಳೂರಿಗೆ ತಿಂಗಳಿಗೊಮ್ಮೆ ಹೋಗೋ ನೌಕರಿಯವ್ರು, ನಾಲ್ಕು ನೂರು ಹೆಚ್ಚು ಕೊಟ್ಟ್ರೂ ನಡೀತೈತಿ, ಟೈಮ್ ಮುಖ್ಯ ಅಂದ್ರ ತೇಜಸ್‌ದಂಥ ಗಾಡಿ ಕೇಳ್ರಿ, ಆದ್ರ ಈಗಿರೋ ಗಾಡಿಯ ಟೈಮ್ ಕಸ್ಕೊಳ್ಳಬಾರದು, ಹೊಸ ಟೈಮಿನಾಗ ಬರಬೇಕು ಅನ್ನೂದನ್ನೂ ಕೂಡ್ಸಿ ಕೇಳ್ರಿ. ಗೂಡ್ಸ್ ಕಳಸೋ ವ್ಯಾಪಾರಸ್ಥರಿಗೆ ಖಾಸಗಿ ಕಂಟೇನರ್ ದಾರಿ ಆಗಲೇ ತಗದೈತಿ, ನಿಮ್ಮ ಬೇಡಿಕಿ ಶೆಡ್ಡು, ಸೈಡಿಂಗ್ ಕಡಿ ಇರಲಿ. ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟಿ, ಆಲಮಟ್ಟಿ, ವಿಜಯಪುರ ನಡುವ ದಿನಾ ಓಡಾಡೋ ಕಾಲೇಜ್ ಹುಡುಗೂರು, ಕೂಲಿಯವ್ರು, ಸಂತಿಗೆ ಹೋಗವ್ರು ಅಂದ್ರ ಮೊದಲನೇದು, ಇಲ್ಲಾ ಕಿಲೋಮೀಟರ್ ಕೂಲಿ ಲೆಕ್ಕದ ಗುತ್ತಿಗಿ, ಇವೆರಡ ಬಿಟ್ಟು ಬ್ಯಾರೆ ಯಾವದೂ ಒಪ್ಪಬ್ಯಾಡ್ರಿ. ಎರಡರಾಗ ನನ್ನ ಒಲವು ಕೂಲಿ ಗುತ್ತಿಗಿ ಕಡಿ, ಅದೂ ಮೊದಲ ಐದು ವರ್ಷಕ್ಕ, ಒಂದ ದಾರಿ ಮ್ಯಾಲ, ಹಳಿ ಸಿಗ್ನಲ್ ರೈಲ್ವೆ ಕೈಯಾಗ ಇಟ್ಟು. ಐದು ವರ್ಷದ್ದು ಕೆಟ್ಟರ ತಿರುಗಿ ತಗೊಳ್ಳಾಕ ಬರತೈತಿ, 35 ವರ್ಷದ್ದು ಕೆಟ್ಟರ ನಮ್ಮ ಮೊಮ್ಮಕ್ಕಳು ಕೋರ್ಟಿಗೆ ಅಡ್ಡ್ಯಾಡಬೇಕು.

ಜಮಖಂಡಿ, ಮುಧೋಳ, ಲೋಕಾಪುರ ಕಡಿಯವ್ರಿಗೆ ಮಾತ್ರ ಬ್ಯಾರೆ ಹೇಳ್ತೀನಿ. ಬಾಗಲಕೋಟಿ–ಕುಡಚಿ 142 ಕಿಲೋಮೀಟರ್ ದಾರಿ 2010-11ರಾಗ ಮಂಜೂರ್ ಆಗಿದ್ದು, ಅದು ಪೂರ್ತಿ ಆಗೂತನ ಖಾಸಗಿಯೋ ಸರ್ಕಾರಿಯೋ ಅನ್ನೋ ವಾದಕ್ಕ ಟೈಮ್ ಹಾಳ ಮಾಡ್ಕೋಬ್ಯಾಡ್ರಿ, ಹಳಿ ಹಾಕಾಕ ಯಾವ ಖಾಸಗಿಯವನೂ ಇಲ್ಲಿಗೆ ಬರಂಗಿಲ್ಲ, ಆ ಕೆಲಸ ಸರ್ಕಾರದ್ದ, ಅದನ್ನ ಬೆನ್ನ ಹತ್ತರಿ.

ಇಷ್ಟೆಲ್ಲಾ ಗ್ರೂಪಿನಾಗ ಹಾಕಿದ ಮ್ಯಾಲ ಮನವಿಯೊಳಗ ಬೇಕು ಬ್ಯಾಡ ಎರಡೂ ಸಾಲು ಹೊಡದು ಹಾಕೀವಿ. ಮುಂಜಾನೆ ಒಂದು, ಸಂಜಿಗೆ ಒಂದು ಲೋಕಲ್ ಗಾಡಿ ಬೇಕು, ಯಾರ ಓಡಿಸಲಿ ರೇಟು ರೈಲ್ವೇದ ಇರಬೇಕು, ನಾಲ್ಕು ಜನರಲ್ ಬೋಗಿ ಇರಬೇಕು, ಒಂದು ತಾಸು ತಡ ಆದ್ರ ಪ್ರಯಾಣಿಕರಿಗೆ ದುಡ್ಡು ವಾಪಸ್ ಬರಬೇಕು ಅಂತ ಬರದೀವಿ. ಗುಳೇದಗುಡ್ಡದ ಹಿರಿಯರಿಗೂ ಓದಿ ತೋರಿಸಿದ್ವಿ. ಪೂರ್ತಿ ಕೇಳಿ, 'ಬೋಗಿಯೊಳಗ ಬಾಗಲದ ಬಾಜೂಕ ಗಂಟು ಇಡಾಕ ಜಾಗಾ ಬಿಡ್ರಿ ಅಂತ ಒಂದು ಸಾಲು ಕೂಡಸ್ರಿ' ಅಂದು ಸಹಿ ಹಾಕಿದ್ರು. ಕೂಡಿಸೀವಿ.